ಹೆಡ್‌ಲೈಟ್ ಬಿಡಿ, ಬಾಗಿಲು ನೋಡಿ

ಪರದೆಯ ಮೇಲಿರುವ ಕಾರನ್ನು ನೋಡಿ ನಿಮ್ಮಲ್ಲಿ ಕೆಲವರು ಆಗಲೇ ಕಾರ್ವೆಟ್ ಎಂದುಬಿಟ್ಟಿರಿ. ಹಾಗೆ ಕಾಣಲೆಂದೇ ಅದನ್ನು ಮಾಡಿದ್ದಾರೆ. ಉಬ್ಬಿ ನಿಂತ ಮಡ್‌ಗಾರ್ಡ್‌ಗಳು, ತೆಳುವಾದ ಕ್ರೋಮ್ ಬಂಪರ್, ಹಿಂಬದಿಯಲ್ಲಿ ಎರಡೆರಡು ದುಂಡನೆಯ ದೀಪಗಳು. ಎಲ್ಲವೂ ಅಮೆರಿಕದ ಶೆವರ್ಲೆ ಕಂಪನಿ 1963ರಿಂದ 1967ರವರೆಗೆ ತಯಾರಿಸಿದ ಸ್ಟಿಂಗ್ ರೇ ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರಿನ ಲಕ್ಷಣಗಳೇ. ಆದರೆ ಇದು ಜಪಾನಿನ ತೊಯಾಮಾದ ಮಿತ್ಸುಓಕಾ ಎಂಬ ಸಣ್ಣ ಕಂಪನಿ ತನ್ನ 50ನೇ ವರ್ಷದ ನೆನಪಿಗೆ 2018ರಲ್ಲಿ ಹೊರತಂದ ರಾಕ್ ಸ್ಟಾರ್. ಮೇಲಿನ ಹೊದಿಕೆ ತೆಗೆದರೆ ಒಳಗೆ ಸಿಗುವುದು ಮಾಜ್ದಾ ಎಮ್‌ಎಕ್ಸ್-5 ಎಂಬ ಎರಡು ಆಸನದ ಪುಟ್ಟ ಕಾರು. ಒಂದೂವರೆ ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, 132 ಅಶ್ವಶಕ್ತಿ. ಅಸಲಿ ಸ್ಟಿಂಗ್ ರೇಯಲ್ಲಿ ಕನಿಷ್ಠ ಎಂದರೂ 5.4 ಲೀಟರಿನ, ಎಂಟು ಸಿಲಿಂಡರಿನ ವಿ8 ಎಂಜಿನ್ ಇರುತ್ತಿತ್ತು.

ಎಂಜಿನ್ ಮಾತು ಸದ್ಯಕ್ಕೆ ಬದಿಗಿರಲಿ. ಬಾನೆಟ್ ತೆರೆಯದೆಯೇ, ರಸ್ತೆಯ ಆಚೆ ಬದಿಯಲ್ಲಿ ನಿಂತುಕೊಂಡೇ ಇದು ಕಾರ್ವೆಟ್ ಅಲ್ಲ ಎಂದು ಹೇಳಬಹುದು. ಇವತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಅದನ್ನೇ: ಹಳೆಯ ಕಾರಿನ ರೂಪ ತೊಟ್ಟ ಹೊಸ ಕಾರನ್ನು ಗುರುತಿಸಲು ಎಲ್ಲಿ ನೋಡಬೇಕು ಎನ್ನುವುದನ್ನು.

ಕೆಲವು ಅಳತೆಗಳನ್ನು ಹೇಳುತ್ತೇನೆ, ಸ್ವಲ್ಪ ಸಹಿಸಿಕೊಳ್ಳಿ. ಎಮ್‌ಎಕ್ಸ್-5ರ ಉದ್ದ 3,915 ಮಿಲಿಮೀಟರ್. ರಾಕ್ ಸ್ಟಾರ್ 4,345. ಹೊಸ ಬಾಡಿ ತೊಡಿಸುವಾಗ ಕಾರು 43 ಸೆಂಟಿಮೀಟರ್ ಬೆಳೆಯಿತು. ಅಸಲಿ ಸ್ಟಿಂಗ್ ರೇ ಸುಮಾರು 4,450, ಅಂದರೆ ಒಟ್ಟು ಉದ್ದದಲ್ಲಿ ಎರಡಕ್ಕೂ ಹತ್ತೇ ಸೆಂಟಿಮೀಟರ್ ವ್ಯತ್ಯಾಸ. ಪರವಾಗಿಲ್ಲ ಅನ್ನಿಸುತ್ತದೆ. ಈಗ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಅಳೆಯಿರಿ. ಈ ವೀಲ್‌ಬೇಸ್ ಎಮ್‌ಎಕ್ಸ್-5ರಲ್ಲಿ 2,310 ಮಿಲಿಮೀಟರ್, ರಾಕ್ ಸ್ಟಾರ್‌ನಲ್ಲೂ ಅಷ್ಟೇ. ಸ್ಟಿಂಗ್ ರೇಯಲ್ಲಿ ಅದು 2,489. ಬೆಳೆದ 43 ಸೆಂಟಿಮೀಟರಿನಲ್ಲಿ ಒಂದು ಸೆಂಟಿಮೀಟರ್ ಕೂಡ ಚಕ್ರಗಳ ನಡುವೆ ಬಂದಿಲ್ಲ. ಮೂತಿಗೂ ಬಾಲಕ್ಕೂ ಹೋಗಿದೆ. ಬಾಗಿಲು ಮಾಜ್ದಾದ್ದೇ, ಮುಂಗಾಜು ಮಾಜ್ದಾದ್ದೇ. ಹಾಗಾಗಿ ನಡುವೆ ಗಿಡ್ಡ, ಎರಡೂ ತುದಿಯಲ್ಲಿ ಉದ್ದ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ.

ಅಂದಹಾಗೆ, ನನಗೆ ಮಿತ್ಸುಓಕಾದವರ ಮೇಲೆ ಸಿಟ್ಟಿಲ್ಲ, ಪ್ರೀತಿಯೇ ಇದೆ. ಅವರು ನಗುನಗುತ್ತಾ ಈ ಕೆಲಸ ಮಾಡುತ್ತಾರೆ. 1993ರಿಂದ ನಿಸ್ಸಾನ್ ಮಾರ್ಚ್ ಎಂಬ ಪುಟ್ಟ ಕಾರಿಗೆ 60ರ ದಶಕದ ಜಾಗ್ವಾರ್ ಮಾರ್ಕ್ 2ರ ಮುಖ ಕೂರಿಸಿ ವ್ಯೂಟ್ ಎಂದು ಮಾರಿದರು. ಅದನ್ನು ಯಾರೂ ಜಾಗ್ವಾರ್ ಎಂದು ನಂಬಿ ಕೊಂಡಿರಲಾರರು. ಅಳತೆಯ ವಿಷಯ ಅವರಿಗೆ ಗೊತ್ತಿಲ್ಲವೆಂದೂ ಅಲ್ಲ. ಅವರದೇ ಹಿಮಿಕೋ ಎಂಬ ಕಾರಿಗೂ ಎಮ್‌ಎಕ್ಸ್-5 ಆಧಾರ. ಆದರೆ ಅದು 1930ರ ದಶಕದ ಉದ್ದ ಬಾನೆಟ್ಟಿನ, ಛಾವಣಿ ತೆರೆದ ರೋಡ್‌ಸ್ಟರಿನಂತೆ ಕಾಣಬೇಕಿತ್ತು. ಅಲ್ಲಿ ಮೂತಿ ಎಳೆದರೆ ಸಾಲದು ಎಂದು ತಿಳಿದು, ಬಾಗಿಲಿಗೂ ಮುಂದಿನ ಚಕ್ರಕ್ಕೂ ನಡುವೆ ಸುಮಾರು 70 ಸೆಂಟಿಮೀಟರ್ ಸೇರಿಸಿದರು. ಹಿಮಿಕೋ ಚೆನ್ನಾಗಿದೆಯೇ ಎಂದು ಕೇಳಿದರೆ ನಾನು ಮಾತು ಬದಲಿಸುತ್ತೇನೆ. ಆದರೆ ಎಲ್ಲಿ ಉದ್ದ ಮಾಡಬೇಕಿತ್ತೋ ಅಲ್ಲೇ ಮಾಡಿದ್ದಾರೆ.

ಮುಂದಿನ ಚಕ್ರದಿಂದ ಬಾಗಿಲಿನ ಅಂಚಿನವರೆಗಿನ ಅಂತರ, ಮುಂಗಾಜು ಎಲ್ಲಿಂದ ಏಳುತ್ತದೆ ಮತ್ತು ಎಷ್ಟು ವಾಲಿದೆ, ಚಕ್ರದಲ್ಲಿ ರಬ್ಬರ್ ಎಷ್ಟು ಲೋಹ ಎಷ್ಟು: ಈ ಮೂರನ್ನು ಬದಲಿಸುವುದು ಬಹಳ ಕಷ್ಟ. ಹೆಡ್‌ಲೈಟ್, ಗ್ರಿಲ್, ಬಂಪರ್‌ಗಳನ್ನು ಬದಲಿಸುವುದು ಸುಲಭ. ಹಾಗಾಗಿ ಹಳೆಯ ಕಾರಿನ ವೇಷ ತೊಟ್ಟ ಹೊಸ ಕಾರು ಸಿಕ್ಕಿದರೆ ಸುಲಭವಾದದ್ದನ್ನು ನೋಡಬೇಡಿ. ಇನ್ನೊಬ್ಬರ ಅಳತೆಗೆ ಹೊಲಿದ ಕೋಟು ಹಾಕಿಕೊಂಡವರ ಗುಂಡಿಗಳನ್ನು ಯಾರೂ ನೋಡುವುದಿಲ್ಲ, ಭುಜ ನೋಡುತ್ತಾರೆ.

ಮುಂಗಾಜಿನ ಬಗ್ಗೆ ಇನ್ನೊಂದು ಮಾತು. ಹೊಸ ಬಾಡಿ ಕಟ್ಟುವವರು ಅದನ್ನು ಯಾಕೆ ಮುಟ್ಟುವುದಿಲ್ಲ? ಗಾಜಿನ ಎರಡೂ ಬದಿಯ ಕಂಬಗಳು ಕಾರು ಮಗುಚಿದಾಗ ಛಾವಣಿಯನ್ನು ಹೊರುತ್ತವೆ. ವೈಪರ್, ಹವಾನಿಯಂತ್ರಣದ ನಳಿಗೆಗಳು, ಡ್ಯಾಶ್‌ಬೋರ್ಡ್, ಸ್ಟಿಯರಿಂಗ್ ಕಂಬ, ಏರ್‌ಬ್ಯಾಗ್ ಎಲ್ಲವೂ ಆ ಗಾಜಿನ ಬುಡಕ್ಕೆ ಕಟ್ಟುಬಿದ್ದಿವೆ. ಅದನ್ನು ಹತ್ತು ಸೆಂಟಿಮೀಟರ್ ಹಿಂದಕ್ಕೆ ಸರಿಸುವುದೆಂದರೆ ಹೊಸ ಕಾರನ್ನೇ ಮಾಡಿದಂತೆ. 1953ರ ಮೊದಲ ಕಾರ್ವೆಟ್ಟಿಗೆ ಎರಡೂ ಬದಿಗೆ ಸುತ್ತಿ ಬರುವ ಗಾಜು ಇತ್ತು. ಆ ವರ್ಷ ತಯಾರಾದದ್ದು 300 ಕಾರು, ಎಲ್ಲವೂ ಬಿಳಿ, ಒಳಗೆಲ್ಲ ಕೆಂಪು. 2003ರಲ್ಲಿ ಕಾರ್ವೆಟ್ಟಿಗೆ 50 ತುಂಬಿದಾಗ ಮಿಷಿಗನ್ನಿನ ಒಂದು ಸಂಸ್ಥೆ ಐದನೇ ತಲೆಮಾರಿನ ಕಾರ್ವೆಟ್ಟಿಗೆ 1953ರ ರೂಪ ತೊಡಿಸಿತು. ಜಾಲರಿಯ ಹಿಂದಿನ ಹೆಡ್‌ಲೈಟ್, ಗ್ರಿಲ್ಲಿನ ಹಲ್ಲುಗಳು, ಬಾಲದ ದೀಪಗಳು, ಇವನ್ನೆಲ್ಲ ಮರಳಿ ತರಬಹುದು. ಆ ಸುತ್ತುಗಾಜನ್ನು ತರುವುದು ಬೇರೆಯದೇ ಕೆಲಸ.

ಆದರೂ ಇಂಥ ಕೆಲಸಕ್ಕೆ ಜನ ಮತ್ತೆ ಮತ್ತೆ ಕಾರ್ವೆಟ್ಟನ್ನೇ ಆರಿಸುವುದಕ್ಕೆ ಕಾರಣವಿದೆ. ಹಳೆಯ ಕಾಲದಲ್ಲಿ ಕಾರು ಎಂದರೆ ಒಂದು ಚಾಸಿಸ್, ಅಂದರೆ ಎಂಜಿನ್ನನ್ನೂ ಚಕ್ರಗಳನ್ನೂ ಹಿಡಿದಿಡುವ ಅಡಿಯ ಚೌಕಟ್ಟು, ಮತ್ತು ಅದರ ಮೇಲೊಂದು ಬಾಡಿ. ಕಂಪನಿಯಿಂದ ಚಾಸಿಸ್, ಎಂಜಿನ್ ಕೊಂಡು, ಬಾಡಿ ಕಟ್ಟುವವರ ಬಳಿಗೆ ಒಯ್ಯುತ್ತಿದ್ದರು. ಮಿಲಾನಿನ ಟೂರಿಂಗ್ 1926ರಲ್ಲಿ ಹುಟ್ಟಿದ್ದೇ ಹಾಗೆ. ಸಣ್ಣ ಉಕ್ಕಿನ ಕೊಳವೆಗಳ ಹಂದರ ಹೆಣೆದು ಮೇಲೆ ಅಲ್ಯುಮಿನಿಯಂ ತಗಡು ಹೊದಿಸುವ ತನ್ನ ವಿಧಾನಕ್ಕೆ ಅದು ಸೂಪರ್‌ಲೆಜೆರಾ ಎಂದು ಹೆಸರಿಟ್ಟಿತು. ಆಮೇಲೆ ಬಾಡಿಯೇ ಚಾಸಿಸ್ ಆಗಿರುವ, ತಗಡುಗಳನ್ನೆಲ್ಲ ಬೆಸೆದು ಒಂದೇ ಪೆಟ್ಟಿಗೆ ಮಾಡುವ ಮೊನೊಕಾಕ್ ಬಂತು. ತಗಡು ತೆಗೆದರೆ ಕಾರಿನ ಬಲವೇ ಹೋಗುತ್ತದೆ. ಬಾಡಿ ಕಟ್ಟುವವರ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಟೂರಿಂಗ್ ಕೂಡ 1966ರಲ್ಲಿ ಬಾಗಿಲು ಹಾಕಿತು, ಮತ್ತೆ ತೆರೆದದ್ದು 2006ರಲ್ಲಿ. ಕಾರ್ವೆಟ್ ಮಾತ್ರ ಮೊದಲಿನಿಂದಲೂ ಲೋಹದ ಹಂದರದ ಮೇಲೆ ಲೋಹವಲ್ಲದ ಹೊರಹಾಳೆಗಳನ್ನು ಹೊದ್ದುಕೊಂಡೇ ಬಂದಿದೆ. ಹಾಳೆ ಕಳಚಿದರೂ ಹಂದರ ಗಟ್ಟಿಯಾಗಿ ನಿಲ್ಲುತ್ತದೆ. ಮೇಲೆ ಏನು ಬೇಕಾದರೂ ಹೊದಿಸಬಹುದು.

ಹೀಗೆ ಅಡಿಯಲ್ಲಿ ಬಳಕೆಯಾಗುವ ಕಾರನ್ನು ಡೋನರ್ ಎನ್ನುತ್ತಾರೆ. ಇಡೀ ಆಟ ಇರುವುದು ಡೋನರ್ ಆಯ್ಕೆಯಲ್ಲಿ. ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಪೋರ್ಷೆ 911.

911ನ್ನು ಮೊದಲು ತೋರಿಸಿದ್ದು 1963ರಲ್ಲಿ. 1969ರ ಮಾದರಿಗೆ ಅದರ ವೀಲ್‌ಬೇಸನ್ನು ಸ್ವಲ್ಪ ಹಿಗ್ಗಿಸಿ 2,268 ಮಿಲಿಮೀಟರ್ ಮಾಡಿದರು. 1974ರ ಮಾದರಿಗೆ ಅಮೆರಿಕದ ಹೊಸ ನಿಯಮದ ಕಾರಣ ದಪ್ಪ ಬಂಪರ್‌ಗಳು ಬಂದವು, ನಡುವೆ ಅಕಾರ್ಡಿಯನ್ನಿನಂತೆ ಮಡಿಚಿದ ರಬ್ಬರಿನೊಂದಿಗೆ. 1989ರಿಂದ 1994ರವರೆಗೆ ಬಂದ 964 ಎಂಬ ತಲೆಮಾರಿನಲ್ಲಿ ಒಳಗಿನ ಬಹುತೇಕ ಎಲ್ಲವೂ ಹೊಸದು: ಸಸ್ಪೆನ್ಶನ್ನಿನಲ್ಲಿ ತಿರುಚುವ ಸರಳುಗಳ ಬದಲು ಕಾಯಿಲ್ ಸ್ಪ್ರಿಂಗ್, ಪವರ್ ಸ್ಟಿಯರಿಂಗ್, ಎಬಿಎಸ್. ಮೇಲೆ? ಅದೇ ಛಾವಣಿ, ಅದೇ ಮುಂಗಾಜಿನ ಆಕಾರ, ಅದೇ ಬಾಗಿಲು. ವೀಲ್‌ಬೇಸ್ 2,272. ಇಪ್ಪತ್ತು ವರ್ಷದಲ್ಲಿ ನಾಲ್ಕು ಮಿಲಿಮೀಟರ್ ಬೆಳೆದ ಕಾರು ಇದು!

ಇದನ್ನು ಗಮನಿಸಿದ್ದು ರಾಬ್ ಡಿಕಿನ್‌ಸನ್. ಮೊದಲು ರಾಕ್ ಬ್ಯಾಂಡಿನಲ್ಲಿ ಹಾಡುತ್ತಿದ್ದವರು, 2009ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಂಗರ್ ಎಂಬ ಸಂಸ್ಥೆ ಕಟ್ಟಿದರು. ಹೆಸರಿನಲ್ಲಿ ಅವರ ಹಾಡುಗಾರಿಕೆಯೂ ಇದೆ, ಪೋರ್ಷೆಯ ರೇಸ್ ಕಾರುಗಳನ್ನು ರೂಪಿಸಿದ ಎಂಜಿನಿಯರ್ ನಾರ್ಬರ್ಟ್ ಸಿಂಗರ್ ಅವರ ನೆನಪೂ ಇದೆ. ಇವರ ಬಳಿಗೆ ಗಿರಾಕಿ ಒಂದು 964 ತರುತ್ತಾನೆ. ಅದನ್ನು ಬರಿಯ ಲೋಹವಾಗುವವರೆಗೆ ಬಿಚ್ಚಿ, ದಪ್ಪ ಬಂಪರ್ ಕಿತ್ತು, 60-70ರ ದಶಕದ 911ನ ರೂಪದಲ್ಲಿ ಕಾರ್ಬನ್ ಫೈಬರ್ ಹೊರಹಾಳೆಗಳನ್ನು ಕೂರಿಸುತ್ತಾರೆ.

ಹತ್ತಿರ ಹೋಗಿ ನೋಡಿ. ಇಂಧನದ ಮುಚ್ಚಳ ಬಾನೆಟ್ಟಿನ ನಟ್ಟನಡುವೆ ಇದೆ, ಆ ಕಾಲದ ರೇಸ್ ಕಾರುಗಳಲ್ಲಿ ಇದ್ದಂತೆ. ಹಿಂದಿನ ಎಂಜಿನ್ ಮುಚ್ಚಳ ಚಪ್ಪಟೆಯಾಗಿ, ಹಳೆಯ ಕಾರಿನ ಮುಚ್ಚಳದಂತೆಯೇ ಕೂತಿರುತ್ತದೆ. ವೇಗ ಹೆಚ್ಚಾದಾಗ ಅದರ ಒಂದು ಭಾಗ ತಾನಾಗಿ ಮೇಲೆದ್ದು, ಕಾರಿನ ಹಿಂಭಾಗ ಗಾಳಿಗೆ ಹಗುರಾಗದಂತೆ ತಡೆಯುವ ಸ್ಪಾಯ್ಲರ್ ಆಗುತ್ತದೆ. ಅದು 964ರ ಬುದ್ಧಿ, ಹಳೆಯ 911ಗೆ ಇರಲಿಲ್ಲ. ನನಗೆ ಬಹಳ ಇಷ್ಟವಾದದ್ದು ಇನ್ನೊಂದು ಸಂಗತಿ. ಅವರ ಮೊದಲ ಮಾದರಿಯ ಕಾರುಗಳಲ್ಲಿ ಹೊರಮೈಯೆಲ್ಲ ಕಾರ್ಬನ್ ಫೈಬರ್, ಬಾಗಿಲುಗಳು ಮಾತ್ರ ಉಕ್ಕಿನವು. ಬಾಗಿಲು ಬದಲಿಸುವ ಅಗತ್ಯವೇ ಬರಲಿಲ್ಲ. ನಾನು ಆಗ ಹೇಳಿದ ಅತಿ ಕಷ್ಟದ ಜಾಗವನ್ನು ಪೋರ್ಷೆ ತಾನೇ ಮುಟ್ಟದೆ ಬಿಟ್ಟಿತ್ತು. ಸಿಂಗರ್ ಕಾರುಗಳ ಬೆಲೆಯಲ್ಲಿ, ಕುಸುರಿಯಲ್ಲಿ ಅತಿಯಾದದ್ದು ಬಹಳ ಇದೆ. ಒಳಗಿನ ಹೆಣೆದ ಚರ್ಮ ನೋಡಿದರೆ ನನಗೆ ಸ್ವಲ್ಪ ಉಸಿರು ಕಟ್ಟುತ್ತದೆ. ಆದರೆ ಕಾರಿನ ನಿಲುವು ಸುಳ್ಳು ಹೇಳುವುದಿಲ್ಲ.

ಇದೇ ಜಾತಿಯ ಇನ್ನೊಂದನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಫ್ಲೋರಿಡಾದ ಒಂದು ಸಂಸ್ಥೆ ಹೊಸ ಶೆವರ್ಲೆ ಕಮಾರೋ ಕಾರುಗಳಿಗೆ 70ರ ದಶಕದ ಪಾಂಟಿಯಾಕ್ ಟ್ರಾನ್ಸ್ ಆಮ್‌ನ ಮುಖ, ಬಾಲ, ಬಾನೆಟ್ಟಿನ ಮೇಲಿನ ದೊಡ್ಡ ಹಕ್ಕಿ ಎಲ್ಲವನ್ನೂ ಕೊಟ್ಟಿದೆ. ಪಾಂಟಿಯಾಕ್ ಎಂಬ ಬ್ರ್ಯಾಂಡನ್ನೇ 2010ರಲ್ಲಿ ಮುಚ್ಚಲಾಯಿತು. ನೋಡಲು ಇದು ಶುದ್ಧ ವೇಷ ಅನ್ನಿಸುತ್ತದೆ. ಆದರೆ 1967ರಿಂದ 2002ರವರೆಗೆ ಪಾಂಟಿಯಾಕ್ ಫೈರ್‌ಬರ್ಡ್ ಎಂದರೆ ಕಮಾರೋವಿನ ಹಂದರಕ್ಕೆ ಬೇರೆ ಬಟ್ಟೆ ಅಷ್ಟೇ, ಟ್ರಾನ್ಸ್ ಆಮ್ ಅದರದೇ ಒಂದು ಮಾದರಿ. ಕಂಪನಿ ಮಾಡುತ್ತಿದ್ದುದನ್ನೇ ಇವರು ಮುಂದುವರಿಸಿದ್ದಾರೆ. ಈ ಇಡೀ ಗುಂಪಿನಲ್ಲಿ ವಂಶದ ದೃಷ್ಟಿಯಿಂದ ಅತ್ಯಂತ ಪ್ರಾಮಾಣಿಕ ಕಾರು ಇದೇ ಇರಬಹುದು, ನಿಮಗೆ ನಗು ಬಂದರೂ.

ಸರಿಯಾದ ಡೋನರ್ ಸಿಗದಿದ್ದರೆ ಏನು ಮಾಡಬೇಕು? ಹಂದರವನ್ನೇ ಕತ್ತರಿಸಬೇಕು. ಲಾನ್ಚಿಯಾ ಸ್ಟ್ರಾಟೋಸ್ ಕತೆ ಇಲ್ಲಿ ಬರುತ್ತದೆ.

ಸ್ಟ್ರಾಟೋಸ್ ರ‍್ಯಾಲಿಗೆಂದೇ ಹುಟ್ಟಿದ ಕಾರು. ಬೆರ್ತೋನೆ ಎಂಬ ಇಟಲಿಯ ವಿನ್ಯಾಸ ಸಂಸ್ಥೆಯಲ್ಲಿ ಮಾರ್ಚೆಲ್ಲೊ ಗಾಂದಿನಿ ಅದನ್ನು ರೂಪಿಸಿದರು, ಎಂಜಿನ್ ಫೆರಾರಿ ಡೀನೊದ 2.4 ಲೀಟರಿನ ವಿ6. 1974, 75, 76 ಮೂರೂ ವರ್ಷ ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್ ಗೆದ್ದಿತು. ಅದರ ವೀಲ್‌ಬೇಸ್ 2,180 ಮಿಲಿಮೀಟರ್ ಮಾತ್ರ. ಇಷ್ಟು ಗಿಡ್ಡ ಕಾರು ತಿರುವಿನಲ್ಲಿ ಮನಸ್ಸಿನಷ್ಟೇ ಬೇಗ ತಿರುಗುತ್ತದೆ, ಓಡಿಸುವವನು ಮೈಮರೆತರೆ ಅಷ್ಟೇ ಬೇಗ ಬೆನ್ನು ತೋರಿಸುತ್ತದೆ. ಹೆಲ್ಮೆಟ್ ಮುಂದಿನ ಗಾಜಿನಂತೆ ಸುತ್ತಿಬಂದ ಮುಂಗಾಜು, ಬಾಗಿಲಿನೊಳಗೆ ಹೆಲ್ಮೆಟ್ ಇಡಲೆಂದೇ ಗುಳಿ.

2010ರಲ್ಲಿ ಜರ್ಮನ್ ಉದ್ಯಮಿ ಮಿಖಾಯೆಲ್ ಷ್ಟೊಷೆಕ್ ಇದನ್ನು ಮತ್ತೆ ಮಾಡಿಸಿದರು. ಡೋನರ್ ಫೆರಾರಿ ಎಫ್430 ಸ್ಕುಡೇರಿಯಾ, ಕಟ್ಟಿದ್ದು ಇಟಲಿಯ ಇನ್ನೊಂದು ವಿನ್ಯಾಸ ಸಂಸ್ಥೆ ಪಿನಿನ್‌ಫರೀನಾ. ಎಂಜಿನ್ ಬೆನ್ನ ಹಿಂದೆ ಇರುವ, ಫೆರಾರಿಯ ರಕ್ತದ ಕಾರು ಬೇಕಿತ್ತು, ಸಿಕ್ಕಿತು. ಆದರೆ ಎಫ್430ರ ವೀಲ್‌ಬೇಸ್ 2,600. ಅದರ ಮೇಲೆ ಸ್ಟ್ರಾಟೋಸ್ ಆಕಾರ ಎಳೆದರೆ ಉದ್ದನೆಯ ಬೆಣೆಯಾಗುತ್ತಿತ್ತು. ಅವರು ಅಲ್ಯುಮಿನಿಯಂ ಹಂದರದಿಂದ 20 ಸೆಂಟಿಮೀಟರ್ ಕತ್ತರಿಸಿ ಮತ್ತೆ ಬೆಸೆದರು. ಅಸಲಿಗಿಂತ ಇನ್ನೂ 22 ಸೆಂಟಿಮೀಟರ್ ಉದ್ದವೇ. ಆದರೂ ಪಕ್ಕದಿಂದ ನೋಡಿದರೆ ಸ್ಟ್ರಾಟೋಸ್ ಎನ್ನಲು ಅಡ್ಡಿಯಿಲ್ಲ. ಹೆಡ್‌ಲೈಟಿಗೆ ಖರ್ಚು ಮಾಡುವ ಬದಲು ಮೂಳೆಗೆ ಖರ್ಚು ಮಾಡಿದ್ದರಿಂದ ಈ ಕಾರು ನನ್ನ ಪಟ್ಟಿಯಲ್ಲಿ ಬಹಳ ಮೇಲಿದೆ. ಸಣ್ಣ ಸಂಖ್ಯೆಯಲ್ಲಿ ತಯಾರಿಸುವ ಯೋಚನೆ ಬಂದಾಗ ಫೆರಾರಿ ಒಪ್ಪಲಿಲ್ಲ, ಯೋಜನೆ ನಿಂತಿತು. 2018ರಲ್ಲಿ ಟೊರೀನೊದ ಇನ್ನೊಂದು ಸಂಸ್ಥೆ 25 ಕಾರು ಕಟ್ಟುವುದಾಗಿ ಹೇಳಿ ಅದಕ್ಕೆ ಮರುಜೀವ ಕೊಟ್ಟಿತು.

ಗಾಂದಿನಿಯವರ ಹೆಸರು ಬಂದದ್ದರಿಂದ ಅವರದೇ ಇನ್ನೊಂದು ಕಾರಿಗೆ ಹೋಗೋಣ. ಇಷ್ಟು ಹೊತ್ತು ನೋಡಿದ್ದೆಲ್ಲ ಹೊರಗಿನವರ ಕೆಲಸ. ಕಂಪನಿಯೇ ತನ್ನ ಹೊಸ ಕಾರಿಗೆ ತನ್ನ ಹಳೆಯ ಕಾರಿನ ರೂಪ ಹಾಕಿದರೆ? 2021ರಲ್ಲಿ ಲ್ಯಾಂಬೊರ್ಗಿನಿ ಅದನ್ನೇ ಮಾಡಿತು. ಅವೆಂಟಡೋರ್ ಕುಲದ ಹಂದರದ ಮೇಲೆ ಹೊಸ ಕೌಂಟಾಶ್ ಕಟ್ಟಿ 112 ಮಾತ್ರ ಎಂದಿತು. ಹಳೆಯ ಕೌಂಟಾಶ್‌ನ ಯೋಜನೆಗೆ ಒಳಗಿನವರು ಇಟ್ಟಿದ್ದ ಸಂಕೇತ 112, ಅದರಿಂದ ಆ ಸಂಖ್ಯೆ.

1974ರ ಮೊದಲ ಕೌಂಟಾಶ್ ಎಲ್‌ಪಿ400 ಮತ್ತು ಇದನ್ನು ಪಕ್ಕಪಕ್ಕ ಇಡಿ. ಉದ್ದ ಅಂದು 4.14 ಮೀಟರ್, ಇಂದು 4.87. ಅಗಲ 1.89ರಿಂದ 2.10. ಎತ್ತರ 1.07ರಿಂದ 1.14. ವೀಲ್‌ಬೇಸ್ 2.45ರಿಂದ 2.70. ಹಳೆಯದನ್ನು ಹೊಸದರ ಪಕ್ಕ ನಿಲ್ಲಿಸಿದರೆ ಮಗುವಿನಂತೆ ಕಾಣುತ್ತದೆ. ಚಕ್ರ ನೋಡಿ: ಅಂದು 14 ಅಂಗುಲ, ಇಂದು ಮುಂದೆ 20, ಹಿಂದೆ 21. ಚಕ್ರ ದೊಡ್ಡದಾಯಿತು ಎಂದು ಸುಮ್ಮನೆ ಹೇಳಿಬಿಡುತ್ತೇವೆ. ಆದರೆ ಮುಂದಿನ ಟೈರನ್ನೂ ಸೇರಿಸಿ ಅಳೆದರೆ ಒಟ್ಟು ಎತ್ತರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಬದಲಾದದ್ದು ರಬ್ಬರ್. ಅಂದು ಲೋಹದ ಸುತ್ತ ಅರ್ಧ ಗೇಣಿಗೂ ಮಿಗಿಲಾದ ಕಪ್ಪು ಗೋಡೆ ಇತ್ತು, ಈಗ ಬಳೆಯಂತೆ ತೆಳುವಾದ ಪಟ್ಟಿ. ಈಗಿನ ಬ್ರೇಕ್ ತಟ್ಟೆಗಳು 14 ಅಂಗುಲದ ಚಕ್ರದೊಳಗೆ ಹಿಡಿಸುವುದೇ ಇಲ್ಲ, ಹಾಗಾಗಿ ಬೇರೆ ದಾರಿಯಿಲ್ಲ. ಹಳೆಯ ಕಾರಿನ ವೇಷದ ಯಾವುದೇ ಹೊಸ ಕಾರಿನಲ್ಲಿ, ಉಳಿದೆಲ್ಲ ಸರಿಯಿದ್ದರೂ, ಏನೋ ಸರಿಯಿಲ್ಲ ಎಂದು ನಿಮಗೆ ಅನ್ನಿಸಿದರೆ ಹತ್ತರಲ್ಲಿ ಎಂಟು ಸಲ ಕಾರಣ ಅಲ್ಲಿರುತ್ತದೆ.

ಹೊಸ ಕೌಂಟಾಶ್ ಬಂದ ಕೆಲವು ವಾರಗಳಲ್ಲಿ ಗಾಂದಿನಿ ಬಹಿರಂಗವಾಗಿ ಹೇಳಿಕೆ ಕೊಟ್ಟರು: ಇದರಲ್ಲಿ ತಮ್ಮ ಪಾತ್ರವಿಲ್ಲ, ಹಳೆಯದನ್ನು ಮತ್ತೆ ಮಾಡುವುದು ತಾವು ಕೆಲಸ ಮಾಡುತ್ತಾ ಬಂದ ರೀತಿಗೇ ವಿರುದ್ಧ ಎಂದು. ಅವರು 2024ರಲ್ಲಿ ತೀರಿಕೊಂಡರು. ಅವರ ಮಾತಿನಲ್ಲಿ ಮುನಿಸು ಇತ್ತು, ನ್ಯಾಯವೂ ಇತ್ತು. 1971ರಲ್ಲಿ ಕೌಂಟಾಶ್ ಮೊದಲು ಕಾಣಿಸಿಕೊಂಡಾಗ ಹಿಂದಿನ ಯಾವ ಕಾರಿನಂತೆಯೂ ಇರಲಿಲ್ಲ, ಅದೇ ಅದರ ಗುಣ. ಆ ಗುಣವನ್ನು ನಕಲು ಮಾಡುವುದು ಹೇಗೆ?

ಕಂಪನಿಗಳೆಲ್ಲ ಹೀಗೇ ಎಡವುತ್ತವೆ ಎನ್ನಲಾರೆ. ಪೋರ್ಷೆ 2018ರಲ್ಲಿ 911 ಜಿಟಿ2 ಆರ್‌ಎಸ್ ಹಂದರಕ್ಕೆ 70ರ ದಶಕದ ‘ಮೊಬಿ ಡಿಕ್’ ರೇಸ್ ಕಾರಿನ ಉದ್ದ ಬಾಲ ಹಚ್ಚಿ 935 ಎಂದು 77 ಕಾರು ತಂದಿತು. ಅದಕ್ಕೆ ರಸ್ತೆಯ ಪರವಾನಗಿ ಇಲ್ಲ, ಟ್ರ್ಯಾಕಿನಲ್ಲಿ ಮಾತ್ರ ಓಡಿಸಬೇಕು. ಹಾಗಾಗಿ ರಸ್ತೆ ನಿಯಮಗಳ ಕಾಟವೂ ಇಲ್ಲ. ಮೂಲ ಮೊಬಿ ಡಿಕ್ ಕೂಡ 911ಗೆ ಅತಿರೇಕದ ಬಾಡಿ ತೊಡಿಸಿದ್ದೇ ಆದ್ದರಿಂದ ಅಲ್ಲಿ ಏನೂ ಒತ್ತಾಯದ್ದು ಅನ್ನಿಸುವುದಿಲ್ಲ.

ಈಗ ಕೆಲವರಿಗೆ ಹೊಟ್ಟೆ ಉರಿಯುವ ವಿಷಯ. ಡೋನರ್ ಕಾರು ಏನಾಗುತ್ತದೆ?

ಎಮ್‌ಎಕ್ಸ್-5 ಬಿಚ್ಚಿದರೆ ಯಾರೂ ಅಳುವುದಿಲ್ಲ, ಲಕ್ಷಗಟ್ಟಲೆ ಇವೆ. ಟೂರಿಂಗ್ ಸಂಸ್ಥೆ 2013ರಲ್ಲಿ ಡಿಸ್ಕೊ ವೊಲಾಂತೆ ಎಂಬ ಕಾರು ತಂದಿತು, 1952ರಲ್ಲಿ ಅದೇ ಹೆಸರಿನಲ್ಲಿ ಆಲ್ಫಾ ರೋಮಿಯೊಗೆ ತಾನೇ ಕಟ್ಟಿದ್ದ ಕಾರಿನ ನೆನಪಿಗೆ. ಅಡಿಯಲ್ಲಿರುವುದು ಆಲ್ಫಾ 8ಸಿ ಕಾಂಪೆಟಿತ್ಸಿಯೋನೆ, ಪ್ರಪಂಚದಲ್ಲಿ ಇದ್ದದ್ದೇ 500 ಕೂಪೆ, ಅಂದರೆ ಗಟ್ಟಿ ಛಾವಣಿಯ ಎರಡು ಬಾಗಿಲಿನ ಕಾರು. ಅದರ ಕಾರ್ಬನ್ ಫೈಬರ್ ಬಾಡಿ ಕಳಚಿ, ಕೈಯಲ್ಲಿ ಬಡಿದು ಆಕಾರ ಕೊಟ್ಟ ಅಲ್ಯುಮಿನಿಯಂ ತೊಡಿಸಿದರು. ಕಾರೊಂದಕ್ಕೆ ಸುಮಾರು 4,000 ಗಂಟೆಯ ಕೆಲಸ. ಮಾಡಿದ್ದು ಎಂಟು ಕೂಪೆ. 8ಸಿ ನನ್ನ ಕಣ್ಣಿಗೆ ಈ ಶತಮಾನದ ಅತಿ ಚೆಲುವಿನ ಕಾರುಗಳಲ್ಲಿ ಒಂದು. ಅದರ ಬಟ್ಟೆ ಬಿಚ್ಚುವ ಧೈರ್ಯ ನನಗಿಲ್ಲ. ಆದರೆ ಬಂದದ್ದು ಹಿಂದಿನದಕ್ಕಿಂತ ಕಡಿಮೆಯದೇನಲ್ಲ. ಇಂಗ್ಲೆಂಡಿನ ಆರ್‌ಎಮ್‌ಎಲ್ ಸಂಸ್ಥೆ 30 ಫೆರಾರಿ 550 ಮರನೆಲ್ಲೊಗಳಿಗೆ 1959ರ 250 ಜಿಟಿಯ ಗಿಡ್ಡ ವೀಲ್‌ಬೇಸ್ ಮಾದರಿಯ ರೂಪದ ಬಾಡಿ ತೊಡಿಸುವ ಕೆಲಸಕ್ಕೆ ಕೈಹಾಕಿದಾಗಲೂ ಇದೇ ಗೊಣಗಾಟ ಕೇಳಿಸಿತು. ಆಯ್ಕೆ ಮಾತ್ರ ಜಾಣತನದ್ದು. 550ರಲ್ಲೂ ವಿ12 ಮುಂದೆ, ಉದ್ದ ಬಾನೆಟ್, ಕೈಯಲ್ಲಿ ಹಾಕುವ ಗೇರ್. ವೀಲ್‌ಬೇಸ್ 2,500, ಹಳೆಯದರಲ್ಲಿ 2,400.

ಒಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗಲಾರೆ. 2011ರಲ್ಲಿ ಇಟಲಿಯ ಬಾಡಿ ಕಟ್ಟುವ ಸಂಸ್ಥೆ ಜಗಾತೊ, ಆಲ್ಫಾ ರೋಮಿಯೊ ಟಿಜೆಡ್3 ಸ್ಟ್ರಡಾಲೆ ಎಂಬ ಒಂಬತ್ತು ಕಾರುಗಳ ಮಾದರಿ ತಂದಿತು. ಪೂರ್ವಜ 60ರ ದಶಕದ ಟಿಜೆಡ್: 1.6 ಲೀಟರ್, ಗರಿಯಂತೆ ಹಗುರ, ಹಿಂಬದಿ ಕತ್ತಿಯಲ್ಲಿ ಕಡಿದಂತೆ. ಹೊಸದರ ಅಡಿಯಲ್ಲಿರುವುದು ಅಮೆರಿಕದ ಡಾಡ್ಜ್ ವೈಪರ್, 8.4 ಲೀಟರಿನ ವಿ10! ಅಜ್ಜನ ಐದು ಎಂಜಿನ್ ಸೇರಿಸಿದರೂ ಮೊಮ್ಮಗನ ಒಂದಕ್ಕೆ ಸಾಲದು. ಆಲ್ಫಾದ ಒಡೆಯ ಫಿಯೆಟ್ ಆಗಷ್ಟೇ ಕ್ರೈಸ್ಲರ್ ಜೊತೆ ಸಂಬಂಧ ಬೆಳೆಸಿತ್ತು.

ಮುಂದಿನ ಪ್ರಶ್ನೆ ಕಾನೂನಿನದು. ಆಕಾರ ಯಾರ ಆಸ್ತಿ? 1980ರ ದಶಕದ ಅಮೆರಿಕದ ಟಿವಿ ಧಾರಾವಾಹಿಯೊಂದರಲ್ಲಿ ನಾಯಕ ಓಡಿಸುತ್ತಿದ್ದ ಕಪ್ಪು ಫೆರಾರಿ ಡೇಟೋನಾ ಸ್ಪೈಡರ್ ನಿಜಕ್ಕೂ ಒಂದು ಕಾರ್ವೆಟ್. ಫೆರಾರಿಗೆ ಇದು ಸಹಿಸಲಿಲ್ಲ. ಕೊನೆಗೆ ಧಾರಾವಾಹಿಯಲ್ಲಿ ಆ ಕಾರನ್ನು ಸ್ಫೋಟಿಸಿ, ಅದರ ಜಾಗಕ್ಕೆ ಫೆರಾರಿಯೇ ಕೊಟ್ಟ ಬಿಳಿ ಟೆಸ್ಟರೋಸಾ ಬಂತು. ಕೋರ್ಟಿಗೆ ಹೋದ ಪ್ರಕರಣ ಇನ್ನೂ ಸ್ವಾರಸ್ಯದ್ದು. ಒಬ್ಬ ತಯಾರಕ ಕಾರ್ವೆಟ್ಟಿಗೆ, ಪಾಂಟಿಯಾಕ್ ಫಿಯೆರೊಗೆ ತೊಡಿಸುವಂಥ ಫೈಬರ್‌ಗ್ಲಾಸ್ ಬಾಡಿಗಳನ್ನು ಮಾಡಿ, ಡೇಟೋನಾ ಮತ್ತು ಟೆಸ್ಟರೋಸಾ ಆಕಾರದಲ್ಲಿ, ಸುಮಾರು 8,500 ಡಾಲರಿಗೆ ಮಾರುತ್ತಿದ್ದ. ಕೊಳ್ಳುವವರಿಗೆ ಅಸಲಿಯಲ್ಲ ಎಂದು ಹೇಳಿಯೇ ಕೊಡುತ್ತೇನೆ ಎಂಬುದು ಅವನ ವಾದ. 1991ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಕೊಂಡವನಿಗೆ ಗೊತ್ತಿದ್ದರೆ ಸಾಲದು, ರಸ್ತೆಯಲ್ಲಿ ನೋಡುವವರಿಗೆ ಗೊತ್ತಾಗುವುದಿಲ್ಲವಲ್ಲ. ಅವರ ಕಣ್ಣಿನಲ್ಲಿ ಫೆರಾರಿಯ ಹೆಸರು ಸವೆಯುತ್ತದೆ ಎಂದಿತು. ಪೀಠದಲ್ಲಿದ್ದ ಒಬ್ಬ ನ್ಯಾಯಾಧೀಶರು ಇದಕ್ಕೆ ಒಪ್ಪದೆ ಬೇರೆ ಬರೆದರು. ನನ್ನ ಮತ ಆ ಒಬ್ಬರ ಕಡೆ ಸ್ವಲ್ಪ ವಾಲುತ್ತದೆ. ಬೇರೆ ಕಾರಿನ ಹಂದರದ ಮೇಲೆ ಕೂತ ಟೆಸ್ಟರೋಸಾದ ನಿಲುವು ನೋಡಿದರೆ ಕಣ್ಣಿರುವವರು ಮೋಸ ಹೋಗುವುದು ಕಷ್ಟ. ಆದರೆ ಎಲ್ಲರೂ ಬಾಗಿಲು ನೋಡುವುದಿಲ್ಲ ಎನ್ನುವುದೂ ನಿಜ.

ಇಟಲಿಯಲ್ಲಿ 2019ರಲ್ಲಿ ಬೊಲೊನ್ಯಾದ ನ್ಯಾಯಾಲಯ ಫೆರಾರಿ 250 ಜಿಟಿಒ ಕಾರಿನ ಆಕಾರವನ್ನು ಕಲಾಕೃತಿ ಎಂದೇ ಒಪ್ಪಿಕೊಂಡಿತು. 1962ರಿಂದ 1964ರವರೆಗೆ ತಯಾರಾದ, ಒಟ್ಟು 36 ಇರುವ ಕಾರು ಅದು. ಎದುರು ಪಕ್ಷ ಮೋದೆನಾದ ಆರೆಸ್ ಎಂಬ ಸಂಸ್ಥೆ, ಹೊಸ ಫೆರಾರಿಯೊಂದಕ್ಕೆ ಆ ರೂಪ ಕೊಡಹೊರಟಿತ್ತು. ಇದೇ ಆರೆಸ್ ಲ್ಯಾಂಬೊರ್ಗಿನಿ ಹುರಕಾನ್‌ಗೆ 1971ರ ಡಿ ತೊಮಾಸೊ ಪಂತೇರಾದ ರೂಪ ತೊಡಿಸಿದೆ, ಮೇಲೇಳುವ ಹೆಡ್‌ಲೈಟ್ ಸಮೇತ. ಆ ಬಗೆಯ ಹೆಡ್‌ಲೈಟ್ ದೊಡ್ಡ ಕಂಪನಿಗಳ ಕಾರುಗಳಲ್ಲಿ ಕೊನೆಯದಾಗಿ ಕಂಡದ್ದು 2004ರಲ್ಲಿ, ಐದನೇ ತಲೆಮಾರಿನ ಕಾರ್ವೆಟ್ ಮತ್ತು ಲೋಟಸ್ ಎಸ್ಪ್ರಿಯಲ್ಲಿ. ಪಾದಚಾರಿಗೆ ಡಿಕ್ಕಿಯಾದರೆ ಗಾಯ ಹೆಚ್ಚಿಸುವ ಚೂಪು ಭಾಗಗಳ ಬಗ್ಗೆ ನಿಯಮ ಬಿಗಿಯಾದಂತೆ ಅವು ಮರೆಯಾದವು. ಎಂಟು-ಹತ್ತು ಕಾರು ಮಾಡುವವರಿಗೆ ಸಿಗುವ ಸಲಿಗೆ ಬೇರೆ.

ಸುರಕ್ಷತೆಯ ಮಾತು ಬಂದದ್ದರಿಂದ ಹೇಳುತ್ತೇನೆ: ಹೊಸ ಮೂತಿ ಬರೀ ಅಂದದ ವಿಷಯವಲ್ಲ. ಡಿಕ್ಕಿಯಾದಾಗ ಮುಂಭಾಗ ಹೇಗೆ ಮಡಿಚಿಕೊಳ್ಳುತ್ತದೆ ಎಂಬುದನ್ನು ಲೆಕ್ಕಹಾಕಿಯೇ ಏರ್‌ಬ್ಯಾಗ್ ಯಾವಾಗ ಸಿಡಿಯಬೇಕೆಂದು ಕಂಪನಿ ಗೊತ್ತುಮಾಡಿರುತ್ತದೆ. ಆ ಮುಂಭಾಗ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಈಗಿನ ಕಾರುಗಳ ಬಂಪರ್ ಹಿಂದೆ ರಾಡಾರ್ ಕೂತಿರುತ್ತದೆ. ಕಾರ್ಬನ್ ಫೈಬರ್ ವಿದ್ಯುತ್ ಹರಿಯಬಿಡುವ ವಸ್ತುವಾದ್ದರಿಂದ ರೇಡಿಯೊ ತರಂಗಗಳಿಗೆ ಗೋಡೆಯಾಗುತ್ತದೆ. ಚೆಂದದ ಕಾರ್ಬನ್ ಬಂಪರ್ ಹಾಕಿದ ಮೇಲೆ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಕುರುಡಾಗಬಹುದು. ಈ ಕೆಲಸಕ್ಕೆ 20-30 ವರ್ಷ ಹಳೆಯ ಡೋನರ್‌ಗಳೇ ಹೆಚ್ಚು ಇಷ್ಟವಾಗುವುದಕ್ಕೆ ಇದೂ ಒಂದು ಕಾರಣ.

ಇಂಥ ಕಾರು ಕೊಳ್ಳುವುದಾದರೆ ಏನು ವಿಚಾರಿಸಬೇಕು ಎಂದು ಸಭೆಯಿಂದ ಒಂದು ಪ್ರಶ್ನೆ ಬಂದಿದೆ. ಮೊದಲು ಕಾಗದಪತ್ರ. ದಾಖಲೆಯಲ್ಲಿ ಅದು ಡೋನರ್ ಕಾರಾಗಿಯೇ ಇರುತ್ತದೆಯೇ, ಬೇರೆ ಕಾರು ಎನಿಸುತ್ತದೆಯೇ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ ಅಂಕಪದ್ಧತಿ ಒಳ್ಳೆಯ ಉದಾಹರಣೆ. ಚಾಸಿಸ್ ಅಥವಾ ಮೊನೊಕಾಕ್ ಉಳಿದರೆ ಐದು ಅಂಕ, ಸಸ್ಪೆನ್ಶನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟಿಯರಿಂಗ್ ತಲಾ ಎರಡು, ಎಂಜಿನ್ ಒಂದು. ಎಂಟು ಅಂಕ ಸಿಕ್ಕರೆ ಹಳೆಯ ನೋಂದಣಿ ಉಳಿಯುತ್ತಿತ್ತು. ಆ ಪಟ್ಟಿಯಲ್ಲಿ ಹೊರಮೈಯ ಹಾಳೆಗಳಿಗೆ ಅಂಕವೇ ಇರಲಿಲ್ಲ. ಆದರೆ ಚಾಸಿಸ್ ಕತ್ತರಿಸಿ ಮೊಟಕು ಮಾಡಿದ್ದರೆ ಆ ಐದು ಅಂಕ ಹೋಗುತ್ತಿದ್ದವು, ನನಗೆ ಪ್ರಿಯವಾದ ಕೆಲಸಕ್ಕೇ ಅಲ್ಲಿ ದಂಡ.

ಎರಡನೆಯದು ಬಿಡಿಭಾಗ. ಬ್ರೇಕ್, ಕ್ಲಚ್, ಮುಂಗಾಜು, ಬಾಗಿಲಿನ ರಬ್ಬರ್ ಹೋದರೆ ಡೋನರ್ ಕಾರಿನ ಭಾಗಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ, ಡೋನರ್ ಯಾವ ವರ್ಷದ್ದೆಂದು ಗೊತ್ತಿದ್ದರೆ ಸಾಕು. ಮುಂದಿನ ಮಡ್‌ಗಾರ್ಡ್ ಒಡೆದರೆ ಮಾತ್ರ ಅದನ್ನು ಎರಕಹೊಯ್ದವರ ಬಳಿಗೇ ಹೋಗಬೇಕು. ಹಾಗಾಗಿ ಮುಂಗಡ ಕೊಡುವ ಮುನ್ನ ಅಚ್ಚುಗಳು ಈಗ ಯಾರ ಬಳಿ ಇವೆ, ಇನ್ನೂ ಬಳಕೆಯಲ್ಲಿವೆಯೇ ಎಂದು ಕೇಳಿ, ಸಾಧ್ಯವಾದರೆ ಹೋಗಿ ನೋಡಿಕೊಂಡು ಬನ್ನಿ. ಮಾರುವವರಿಗೆ ಆ ಪ್ರಶ್ನೆ ಇಷ್ಟವಾಗುವುದಿಲ್ಲ.